ಹಲ್ಲಿನಲ್ಲಿ ಉಳಿದ ನೀಲಿ

ಜರ್ಮನಿಯ ಪಶ್ಚಿಮ ಭಾಗದಲ್ಲಿ ದಾಲ್‌ಹೈಮ್ ಅಂತ ಒಂದು ಜಾಗವಿದೆ. ಒಂದು ಕಾಲಕ್ಕೆ ಅಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠವಿತ್ತು. ಹದಿನಾಲ್ಕು ಮಂದಿ ಇರಬಹುದಾದಷ್ಟು ಸಣ್ಣದು. 14ನೇ ಶತಮಾನದಲ್ಲಿ ಅದು ಸುಟ್ಟುಹೋಯಿತು. ಅಲ್ಲಿದ್ದವರು ಬರೆದ ಒಂದು ಪುಸ್ತಕವೂ ಉಳಿಯಲಿಲ್ಲ. ಉಳಿದದ್ದು ಕಟ್ಟಡದ ಅಡಿಪಾಯ ಮತ್ತು ಪಕ್ಕದ ಸ್ಮಶಾನ.

ಆ ಸ್ಮಶಾನದಲ್ಲಿ ಸಿಕ್ಕ ಒಬ್ಬ ಹೆಂಗಸಿನ ಮೂಳೆಗಳಿಗೆ ಸಂಶೋಧಕರು ಬಿ78 ಅಂತ ನಂಬರ್ ಕೊಟ್ಟಿದ್ದಾರೆ. ಅವಳ ಹೆಸರು ಎಲ್ಲೂ ದಾಖಲಾಗಿಲ್ಲ. ಅವಳು ಬದುಕಿದ್ದು 997ರಿಂದ 1162ರ ನಡುವೆ ಎಲ್ಲೋ. ಸಾಯುವಾಗ 45ರಿಂದ 60 ವರ್ಷ ವಯಸ್ಸು. ಮೈಮುರಿದು ದುಡಿದ ಗುರುತು ಮೂಳೆಗಳಲ್ಲಿ ಕಾಣಲಿಲ್ಲ.

ಸಂಶೋಧಕರಿಗೆ ಮೊದಲು ಬೇಕಾಗಿದ್ದು ಅವಳ ಊಟದ ವಿಷಯ. ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತುಬಿಡುವ ಪಾಚಿ ಇದೆಯಲ್ಲ, ದಂತವೈದ್ಯರು ಸ್ಕೇಲಿಂಗ್ ಮಾಡಿ ತೆಗೆಯುವುದು, ಅದರೊಳಗೆ ಆ ಮನುಷ್ಯ ತಿಂದ ಕಾಳಿನ ಪಿಷ್ಟ, ಉಸಿರಾಡಿದ ಪರಾಗ ಎಲ್ಲ ಸಿಕ್ಕಿಬಿದ್ದಿರುತ್ತವೆ. ಬದುಕಿರುವಾಗಲೇ ಕಲ್ಲಾಗುವ ವಸ್ತು ಅದು. ಸಾವಿರ ವರ್ಷ ಮಣ್ಣಲ್ಲಿದ್ದರೂ ಕರಗುವುದಿಲ್ಲ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಅನೀತಾ ರಾದಿನಿ ಅದರ ಒಂದು ಚೂರನ್ನು ಕರಗಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಪಿಷ್ಟದ ಜೊತೆಗೆ ನೀಲಿ ಕಣಗಳು ಕಂಡವು. ಒಂದೆರಡಲ್ಲ, ನೂರಕ್ಕೂ ಜಾಸ್ತಿ.

ಇಷ್ಟು ಗಾಢ ನೀಲಿ ಸಾಮಾನ್ಯ ಊಟದಿಂದ ಬರುವಂಥದ್ದಲ್ಲ. ಕಣಗಳನ್ನು ಬೇರೆ ಬೇರೆ ರೀತಿಯಲ್ಲಿ ಪರೀಕ್ಷಿಸಿದರು. ಉತ್ತರ ಬಂತು: ಲ್ಯಾಪಿಸ್ ಲಾಜುಲಿ. ಆ ಕಾಲಕ್ಕೆ ಈ ಕಲ್ಲು ಯುರೋಪಿಗೆ ಬರುತ್ತಿದ್ದದ್ದು ಈಗಿನ ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳಿಂದ. ಸಾವಿರಾರು ಕಿಲೋಮೀಟರ್ ದಾಟಿ ಬರುವ ಹೊತ್ತಿಗೆ ಅದರ ಪುಡಿ ಚಿನ್ನದ ಬೆಲೆಗೆ ಮಾರಾಟವಾಗುತ್ತಿತ್ತು. ಅದನ್ನು ಬಳಸುತ್ತಿದ್ದದ್ದು ಅತಿ ಬೆಲೆಬಾಳುವ ಪುಸ್ತಕಗಳ ಚಿತ್ರಗಳಿಗೆ, ಅದೂ ಕೈ ಪಳಗಿದವರು ಮಾತ್ರ.

ಅದು ಅವಳ ಬಾಯಿಗೆ ಹೋಗಿದ್ದು ಹೇಗೆ? ಸಂಶೋಧಕರು ಹಲವು ದಾರಿ ಯೋಚಿಸಿದರು. ಔಷಧಿ ಅಂತ ನುಂಗಿರಬಹುದು. ಕಲ್ಲು ಅರೆಯುವಾಗ ಎದ್ದ ಧೂಳು ಬಾಯಿಗೆ ಸೇರಿರಬಹುದು. ದೇವರ ಚಿತ್ರಕ್ಕೆ ಮುತ್ತಿಟ್ಟಾಗ ಬಣ್ಣ ತುಟಿಗೆ ಹತ್ತಿರಬಹುದು. ಆದರೆ ಕಣಗಳು ಪಾಚಿಯ ಒಂದೇ ಕಡೆ ಗುಡ್ಡೆ ಬಿದ್ದಿರಲಿಲ್ಲ, ಹರಡಿಕೊಂಡಿದ್ದವು. ಅಂದರೆ ಒಂದು ದಿನದ್ದಲ್ಲ, ಬಹಳ ಕಾಲ ಮತ್ತೆ ಮತ್ತೆ ಒಳಗೆ ಹೋಗಿದ್ದು. ಕುಂಚದ ತುದಿ ಚೂಪಾಗಲಿ ಅಂತ ಅದನ್ನು ತುಟಿಯ ನಡುವೆ ಇಟ್ಟು ಎಳೆಯುವುದು ಚಿತ್ರ ಬರೆಯುವವರ ಹಳೆಯ ಅಭ್ಯಾಸ. ಸಂಶೋಧಕರು ಹೆಚ್ಚು ಒಪ್ಪಿದ್ದು ಇದನ್ನೇ: ಆಕೆ ಚಿತ್ರಗಾರ್ತಿ. 2019ರ ಜನವರಿಯಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಇದು ನನಗೆ ಬಹಳ ದೊಡ್ಡ ವಿಷಯ ಅನ್ನಿಸುತ್ತದೆ. ಮಧ್ಯಯುಗದ ಯುರೋಪಿನ ಆ ಹಸ್ತಪ್ರತಿಗಳನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ ಅಲ್ವಾ? ಪುಟದ ಮೊದಲ ಅಕ್ಷರವೇ ಒಂದು ತೋಟದಂತೆ ಬಳ್ಳಿ ಬಿಟ್ಟಿರುತ್ತದೆ, ಅಂಚಿನಲ್ಲಿ ಹಕ್ಕಿಗಳು, ಸಂತರ ತಲೆಯ ಹಿಂದೆ ಬಂಗಾರ. ಅದನ್ನು ಮಾಡಿದವರು ಸಾಮಾನ್ಯವಾಗಿ ಸಹಿ ಹಾಕುತ್ತಿರಲಿಲ್ಲ. ಸಹಿ ಇಲ್ಲದ್ದೆಲ್ಲ ಗಂಡಸರ ಕೆಲಸ ಅಂತ ಓದುಗರು ಸುಮ್ನೆ ನಂಬಿಕೊಂಡು ಬಂದರು. ಅಪರೂಪಕ್ಕೆ ಹೆಸರು ಹೇಳಿಕೊಂಡ ಹೆಂಗಸರಿದ್ದಾರೆ. ಸ್ಪೇನಿನ ಜಿರೋನಾದಲ್ಲಿರುವ 975ರ ಒಂದು ಚಿತ್ರಿತ ಹಸ್ತಪ್ರತಿಯಲ್ಲಿ ಎಂದೆ ಎಂಬ ಚಿತ್ರಗಾರ್ತಿಯ ಹೆಸರಿದೆ. 12ನೇ ಶತಮಾನದ ಜರ್ಮನಿಯಲ್ಲಿ ಗುಡಾ ಎಂಬ ಸನ್ಯಾಸಿನಿ ಒಂದು ದೊಡ್ಡ ಅಕ್ಷರದೊಳಗೆ ತನ್ನ ಚಿತ್ರವನ್ನೇ ಬರೆದು, ಈ ಪುಸ್ತಕ ಬರೆದವಳೂ ಬಣ್ಣ ಹಚ್ಚಿದವಳೂ ಪಾಪಿಯಾದ ನಾನೇ ಅಂತ ಸುತ್ತಲೂ ಬರೆದಿದ್ದಾಳೆ. ದಾಲ್‌ಹೈಮ್‌ನ ಹೆಂಗಸು ಹಾಗೆ ಬರೆದಿದ್ದರೂ ಅದು ಬೆಂಕಿಗೆ ಹೋಗಿದೆ. ಅವಳ ಪರವಾಗಿ ಸಾಕ್ಷಿ ಹೇಳಿದ್ದು ಬಣ್ಣವೇ.

ಅಲ್ಟ್ರಾಮರೀನ್ ಎಂಬ ಆ ಬಣ್ಣ ತಯಾರಿಸುವುದು ಸುಲಭವಿರಲಿಲ್ಲ. ಲ್ಯಾಪಿಸ್ ಕಲ್ಲನ್ನು ಸುಮ್ನೆ ಕುಟ್ಟಿ ಪುಡಿ ಮಾಡಿದರೆ ಮಂಕಾದ ಬೂದು ನೀಲಿ ಸಿಗುತ್ತದೆ. ಕಲ್ಲಿನಲ್ಲಿ ನೀಲಿಯ ಜೊತೆ ಬಿಳಿ ಕ್ಯಾಲ್ಸೈಟ್, ಹೊಳೆಯುವ ಪೈರೈಟ್ ಎಲ್ಲ ಬೆರೆತಿರುತ್ತವೆ. ಇಟಲಿಯ ಚಿತ್ರಗಾರ ಚೆನ್ನಿನೋ ಚೆನ್ನಿನಿ 1400ರ ಹೊತ್ತಿಗೆ ನೀಲಿಯನ್ನು ಬೇರ್ಪಡಿಸುವ ವಿಧಾನವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ನುಣ್ಣಗಿನ ಪುಡಿಯನ್ನು ಪೈನ್ ಮರದ ರಾಳ, ಅಂಟು, ಮೇಣದ ಜೊತೆ ಸೇರಿಸಿ ಚಪಾತಿ ಹಿಟ್ಟಿನಂತೆ ನಾದಬೇಕು. ಕೆಲವು ದಿನ ದಿನವೂ ನಾದಬೇಕು. ಆಮೇಲೆ ಅದನ್ನು ಬೂದಿಯಿಂದ ತೆಗೆದ ಕ್ಷಾರದ ನೀರಿನಲ್ಲಿ ಹಿಸುಕಬೇಕು. ನೀಲಿ ಕಣಗಳು ನೀರಿಗೆ ಇಳಿಯುತ್ತವೆ, ಕಸ ಮೇಣದಲ್ಲೇ ಉಳಿಯುತ್ತದೆ. ಮೊದಲ ಸಲ ಇಳಿದದ್ದು ಅತ್ಯುತ್ತಮ. ಕೊನೆಗೆ ಬರುವುದು ಬರೀ ಬೂದುಬಣ್ಣ.

ನೀಲಿಗೆ ಕಾರಣ ತಾಮ್ರವೂ ಅಲ್ಲ, ಕೋಬಾಲ್ಟೂ ಅಲ್ಲ, ಗಂಧಕ! ಕಲ್ಲಿನೊಳಗೆ ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಕಟ್ಟಿದ ಪುಟ್ಟ ಪಂಜರಗಳಿರುತ್ತವೆ. ಅವುಗಳಲ್ಲಿ ಮೂರು ಗಂಧಕದ ಪರಮಾಣುಗಳ ಗುಂಪು ಸಿಕ್ಕಿಕೊಂಡಿರುತ್ತದೆ, ಅದರ ಮೇಲೆ ಒಂದು ಹೆಚ್ಚುವರಿ ಎಲೆಕ್ಟ್ರಾನ್. ಈ ಗುಂಪು ಬೆಳಕಿನ ಹಳದಿ, ಕಿತ್ತಳೆ ಭಾಗವನ್ನು ನುಂಗುತ್ತದೆ. ಕಣ್ಣಿಗೆ ಬರುವುದು ನೀಲಿ. ಹೊರಗಿದ್ದರೆ ಈ ಗುಂಪು ಗಳಿಗೆಯೂ ಉಳಿಯುವಂಥದ್ದಲ್ಲ. ಪಂಜರದೊಳಗೆ ಸಾವಿರ ವರ್ಷವಾದರೂ ಜೋಪಾನ. 1828ರಲ್ಲಿ ಫ್ರಾನ್ಸಿನ ಗಿಮೆ ಎಂಬ ರಸಾಯನತಜ್ಞ ಇದೇ ವಸ್ತುವನ್ನು ಕುಲುಮೆಯಲ್ಲಿ ತಯಾರಿಸಿ ತೋರಿಸಿದ. ನಮ್ಮ ಮನೆಗಳಲ್ಲಿ ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿ ಪುಡಿ ಈ ಕೃತಕ ಅಲ್ಟ್ರಾಮರೀನೇ. ರಾಣಿಯರ ಪುಸ್ತಕದ ಬಣ್ಣ ಬಟ್ಟೆ ಒಗೆಯುವ ಬಕೆಟ್ಟಿಗೆ ಬಂತು.

ಇನ್ನು, ಈ ಪುಸ್ತಕಗಳನ್ನು ಪರೀಕ್ಷಿಸುವುದು ಹೇಗೆ? ಪುಟದಿಂದ ಬಣ್ಣ ಕೆರೆದು ತೆಗೆಯಲು ಯಾವ ಗ್ರಂಥಾಲಯವೂ ಸುಲಭವಾಗಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಇಲ್ಲಿ ನೆರವಿಗೆ ಬಂದದ್ದು ಸರ್ ಸಿ. ವಿ. ರಾಮನ್ ಅವರ ಶೋಧ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಅವರು ಕಂಡದ್ದು, ಬೆಂಗಳೂರಿಗೆ ಬಂದು ನೆಲೆಸುವ ಮುಂಚೆ. ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟರೆ ಬಹುಪಾಲು ಬೆಳಕು ಹಾಗೆಯೇ ಚದುರುತ್ತದೆ. ತೀರಾ ಸಣ್ಣ ಪಾಲು ಮಾತ್ರ ಅಣುಗಳ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು, ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಎಷ್ಟು ಬದಲಾಯಿತು ಅನ್ನುವುದು ಒಂದೊಂದು ವಸ್ತುವಿಗೆ ಒಂದೊಂದು ರೀತಿ. ಈಗ ಸೂಕ್ಷ್ಮದರ್ಶಕಕ್ಕೆ ಲೇಸರ್ ಜೋಡಿಸಿ ಕೂದಲಿಗಿಂತ ಸಣ್ಣ ಚುಕ್ಕೆಯನ್ನೂ ಹೀಗೆ ಓದಬಹುದು. ಪುಟವನ್ನು ಮುಟ್ಟಬೇಕಾಗಿಲ್ಲ. ದಾಲ್‌ಹೈಮ್‌ನ ನೀಲಿ ಕಣಗಳನ್ನು ಖಚಿತವಾಗಿ ಗುರುತಿಸಿದ್ದರಲ್ಲಿ ರಾಮನ್ ವಿಧಾನಕ್ಕೂ ಪಾಲಿದೆ.

ಅದೇ ವಿಧಾನ ಇನ್ನೊಂದು ಕಡೆ ಪೂರ್ತಿ ಉಲ್ಟಾ ಉತ್ತರ ಕೊಟ್ಟಿತು. ಇಂಗ್ಲೆಂಡಿನ ಈಶಾನ್ಯ ತೀರದ ಲಿಂಡಿಸ್‌ಫಾರ್ನ್ ದ್ವೀಪದಲ್ಲಿ ಸುಮಾರು 700ರ ಹೊತ್ತಿಗೆ ಒಂದು ಅದ್ಭುತ ಸುವಾರ್ತೆ ಪುಸ್ತಕ, ಅಂದರೆ ಯೇಸುವಿನ ಬದುಕನ್ನು ಹೇಳುವ ಪುಸ್ತಕ, ತಯಾರಾಯಿತು. ಬರೆದವನು ಬಿಷಪ್ ಈಡ್‌ಫ್ರಿತ್ ಅಂತ 10ನೇ ಶತಮಾನದ ಟಿಪ್ಪಣಿಯೊಂದು ಹೇಳುತ್ತದೆ. ಅದರಲ್ಲಿರುವ ನೀಲಿ ಲ್ಯಾಪಿಸ್‌ನದ್ದೇ ಅಂತ ಹಿಂದೆ ಬರೆದುಬಿಟ್ಟಿದ್ದರು. ಅಷ್ಟು ಹಿಂದೆಯೇ ಅಫ್ಘಾನಿಸ್ತಾನದಿಂದ ಆ ದ್ವೀಪದವರೆಗೆ ವ್ಯಾಪಾರದ ದಾರಿ ಇತ್ತು ಅನ್ನುವ ಕಥೆಯೂ ಅದರ ಮೇಲೆ ನಿಂತಿತ್ತು. ಪರೀಕ್ಷಿಸಿ ನೋಡಿದರೆ ಅದು ಇಂಡಿಗೋ. ಯುರೋಪಿನಲ್ಲೇ ಬೆಳೆಯುವ ವೋಡ್ ಎಂಬ ಗಿಡದ ಎಲೆಯಿಂದ ತೆಗೆದದ್ದು. ನಮ್ಮ ನೀಲಿ ಗಿಡದಲ್ಲಿ ಸಿಗುವ ಬಣ್ಣದ ಅಣುವೂ ಅದೇ. ಸುಮಾರು 800ರ ಹೊತ್ತಿನ, ಈಗ ಡಬ್ಲಿನ್‌ನಲ್ಲಿರುವ ಇನ್ನೊಂದು ಸುವಾರ್ತೆ, ಕೆಲ್ಸ್ ಪುಸ್ತಕದ ಕಥೆಯೂ ಇಷ್ಟೇ. ಲ್ಯಾಪಿಸ್ ಇಲ್ಲ. ಅದರಲ್ಲಿ ಬಂಗಾರವೂ ಇಲ್ಲ! ಬಂಗಾರದಂತೆ ಹೊಳೆಯುವುದು ಅರದಾಳ, ಅಂದರೆ ಆರ್ಸೆನಿಕ್ ಮತ್ತು ಗಂಧಕದ ಹಳದಿ ಖನಿಜ.

ದೂರದ ಕಲ್ಲು ಇರಲಿಲ್ಲ ಅಂದಾಗ ಕೆಲವರಿಗೆ ನಿರಾಸೆಯಾಯಿತೇನೋ. ನನಗೆ ಗೌರವ ಜಾಸ್ತಿಯಾಯಿತು. ಊರಿನ ಸುತ್ತ ಸಿಗುವ ಎಲೆಯಿಂದ, ಕಲ್ಲುಹೂವಿನಿಂದ ತೆಗೆದ ನೇರಳೆಯಿಂದ, ಸೀಸದ ಸಿಂಧೂರದಿಂದ ಅಷ್ಟು ಬಗೆಯ ಬಣ್ಣ ಹೊರಡಿಸಿದ್ದಾರೆ ಅಂದರೆ ಅವರ ಕೈಗೆ ಎಂಥ ತಿಳಿವಳಿಕೆ ಇದ್ದಿರಬೇಕು!

ತಿಳಿವಳಿಕೆ ಬೇಕೇ ಬೇಕಿತ್ತು. ಬಣ್ಣಗಳು ಒಂದರ ಪಕ್ಕ ಒಂದು ಸುಮ್ಮನಿರುವುದಿಲ್ಲ. ಅರದಾಳದ ಗಂಧಕ ಪಕ್ಕದ ಸೀಸದ ಬಿಳಿಯನ್ನು ಕಪ್ಪಾಗಿಸಬಲ್ಲದು. ತಾಮ್ರದ ತಗಡನ್ನು ವಿನೆಗರ್ ಆವಿಗೆ ಇಟ್ಟು ಕೆರೆದು ತೆಗೆದ ಹಸಿರು ನಿಧಾನವಾಗಿ ಹಾಳೆಯನ್ನೇ ತಿನ್ನುತ್ತದೆ. ಕೆಲವು ಹಸ್ತಪ್ರತಿಗಳಲ್ಲಿ ಹಸಿರು ಇದ್ದ ಕಡೆ ಈಗ ಅದೇ ಆಕಾರದ ತೂತು ಇದೆ.

ಶಾಯಿಯ ಕಥೆ ನಮಗೆ ಹತ್ತಿರದ್ದು. ಮಗುವಿಗೆ ತೇದು ನೆಕ್ಕಿಸುವ ಮಾಚಿಕಾಯಿ ಗೊತ್ತಲ್ಲ? ಹೆಸರಿಗೆ ಕಾಯಿ, ನಿಜಕ್ಕೆ ಕಾಯಿಯಲ್ಲ. ಒಂದು ಜಾತಿಯ ಸಣ್ಣ ಕಣಜ ಓಕ್ ಮರದ ಮೊಗ್ಗಿನಲ್ಲಿ ಮೊಟ್ಟೆಯಿಟ್ಟಾಗ ಮರ ಅದರ ಸುತ್ತ ಬೆಳೆಸುವ ಗಂಟು. ಅದರ ತುಂಬ ಒಗರು ಟ್ಯಾನಿನ್. ಯುರೋಪಿನ ಬರಹಗಾರರು ಇಂಥ ಗಂಟುಗಳನ್ನು ಜಜ್ಜಿ ನೆನೆಸಿ, ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ, ಜಾಲಿ ಜಾತಿಯ ಮರದ ಗೋಂದು ಹಾಕುತ್ತಿದ್ದರು. ಬರೆಯುವಾಗ ಶಾಯಿ ತೆಳುವಾಗಿ ಕಾಣುತ್ತದೆ. ಗಾಳಿಯ ಆಮ್ಲಜನಕ ತಗುಲಿ ಕಬ್ಬಿಣ ಬದಲಾದ ಮೇಲೆ ಕಡುಗಪ್ಪು. ಅದು ಹಾಳೆಯನ್ನು ಕಚ್ಚಿ ಹಿಡಿಯುತ್ತದೆ, ತೊಳೆದರೂ ಹೋಗುವುದಿಲ್ಲ. ತಪ್ಪಾದರೆ ಚಾಕುವಿನಿಂದ ಕೆರೆಯಬೇಕು.

ಬಂಗಾರಕ್ಕೆ ಮೊದಲು ಹಾಸಿಗೆ ಬೇಕು. ಸುಣ್ಣದ ಪುಡಿಯಂಥದ್ದನ್ನು ಅಂಟಿನ ಜೊತೆ ಕಲಸಿ, ಸ್ವಲ್ಪ ಸಕ್ಕರೆಯನ್ನೋ ಜೇನನ್ನೋ ಸೇರಿಸಿ, ಹಾಳೆಯ ಮೇಲೆ ಸ್ವಲ್ಪ ಉಬ್ಬುವಂತೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದರ ಮೇಲೆ ಬಿಸಿಯುಸಿರು ಬಿಟ್ಟರೆ ಸಕ್ಕರೆ ತೇವ ಹೀರಿ ಅಂಟಾಗುತ್ತದೆ. ಆಗ ಚಿನ್ನದ ರೇಕು ಕೂರಿಸಿ, ನಾಯಿಯ ಹಲ್ಲಿನಿಂದಲೋ ನುಣುಪಾದ ಕಲ್ಲಿನಿಂದಲೋ ಉಜ್ಜುವುದು. ಆ ಉಬ್ಬಿನಿಂದಾಗಿಯೇ ಪುಟ ಅಲ್ಲಾಡಿದಂತೆಲ್ಲ ಮೇಣದ ಬತ್ತಿಯ ಬೆಳಕು ಬಂಗಾರದ ಮೇಲೆ ಓಡಾಡುತ್ತದೆ. ಬಣ್ಣದ ಕೆಲಸ ಶುರುವಾಗುವುದು ಇದಾದ ಮೇಲೆಯೇ, ಇಲ್ಲದಿದ್ದರೆ ಚಿನ್ನ ಬಣ್ಣಕ್ಕೂ ಹತ್ತಿಕೊಳ್ಳುತ್ತದೆ.

ಇಷ್ಟೆಲ್ಲ ನಡೆಯುತ್ತಿದ್ದದ್ದು ಪ್ರಾಣಿಯ ತೊಗಲಿನ ಮೇಲೆ. ಕರು, ಕುರಿ, ಆಡಿನ ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಅರ್ಧಚಂದ್ರದ ಚಾಕುವಿನಿಂದ ಕೆರೆದು ಎಳೆದು ಒಣಗಿಸುತ್ತಿದ್ದರು. ಕೆಲ್ಸ್ ಪುಸ್ತಕದಲ್ಲಿ ಈಗ ಉಳಿದಿರುವುದು 340 ಹಾಳೆ. ಅಷ್ಟಕ್ಕೇ ನೂರಕ್ಕೂ ಹೆಚ್ಚು ಕರುಗಳು ಬೇಕಾಗಿದ್ದವು. ಒಂದು ಪುಸ್ತಕಕ್ಕೆ ಒಂದು ದೊಡ್ಡ ಮಂದೆ!

ಈ ತೊಗಲನ್ನು ಓದುವ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ಹಳೆಯ ಹಾಳೆಯ ಕೊಳೆ ತೆಗೆಯಲು ಗ್ರಂಥಾಲಯಗಳಲ್ಲಿ ಪ್ಲಾಸ್ಟಿಕ್ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಾರೆ. ಉಜ್ಜಿದಾಗ ಹುಟ್ಟುವ ಸ್ಥಾಯೀವಿದ್ಯುತ್ತಿಗೆ ತೊಗಲಿನಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ಅಣುಗಳು ರಬ್ಬರಿನ ಚೂರಿಗೆ ಅಂಟಿಕೊಂಡು ಬರುತ್ತವೆ. ಕಸದ ಬುಟ್ಟಿಗೆ ಹೋಗುತ್ತಿದ್ದ ಆ ಚೂರುಗಳನ್ನು ಯಾರ್ಕ್‌ನ ಸಾರಾ ಫಿಡಿಮೆಂಟ್ ಮತ್ತು ಸಂಗಡಿಗರು ಕೂಡಿಟ್ಟರು. ಕೊಲಾಜೆನ್ ಪ್ರಾಣಿಯಿಂದ ಪ್ರಾಣಿಗೆ ಸ್ವಲ್ಪ ಬೇರೆ. ಆ ಅಣುವಿನ ತುಣುಕುಗಳ ತೂಕ ಅಳೆದರೆ ಕರುವೋ ಆಡೋ ಕುರಿಯೋ ಗೊತ್ತಾಗುತ್ತದೆ. 13ನೇ ಶತಮಾನದ ಜೇಬಿನ ಬೈಬಲ್‌ಗಳ ಹಾಳೆ ಎಷ್ಟು ತೆಳು ಅಂದರೆ, ಅದು ಹುಟ್ಟದ ಕರುವಿನ ತೊಗಲೇ ಇರಬೇಕು, ಇಲ್ಲವೇ ಮೊಲದ್ದು, ಅಳಿಲಿನದ್ದು ಅಂತ ಮಾತಿತ್ತು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸಿಕ್ಕಿದ್ದು ಅವೇ ಕರು, ಆಡು, ಕುರಿ. ತೆಳುವಾಗಿಸಿದ್ದು ಕೆಲಸಗಾರರ ಕೌಶಲ. ಈ ಕೀರ್ತಿ ಅವರಿಗೆ ಇಷ್ಟು ತಡವಾಗಿ ಸಿಕ್ಕಿತಲ್ಲ ಅಂತ ಬೇಸರವೂ ಆಗುತ್ತದೆ.

2017ರಲ್ಲಿ ಅದೇ ರಬ್ಬರಿನ ಚೂರುಗಳಿಂದ ಡಿಎನ್ಎ ಕೂಡ ತೆಗೆದರು. ಪುಸ್ತಕ ಯಾರ್ಕ್ ಗಾಸ್ಪೆಲ್ಸ್ ಎಂಬ ಸುವಾರ್ತೆ, ಸುಮಾರು ಸಾವಿರ ವರ್ಷ ಹಳೆಯದು. ಹಾಳೆಗಳಿಗೆ ಬಳಸಿದ್ದರಲ್ಲಿ ಹೆಣ್ಣು ಕರುಗಳೇ ಜಾಸ್ತಿ ಅಂತ ತಿಳಿಯಿತು. ಹಾಲಿಗೆ, ಸಂತಾನಕ್ಕೆ ಬೇಕಾದ ಹೆಣ್ಣು ಕರುವನ್ನು ಯಾರಾದರೂ ಅಷ್ಟು ಸುಲಭವಾಗಿ ಕಡಿಯುತ್ತಾರಾ? ಆ ಕಾಲಕ್ಕೆ ಸ್ವಲ್ಪ ಮುಂಚೆ ಬ್ರಿಟನ್ನಿನ ದನಗಳಿಗೆ ದೊಡ್ಡ ರೋಗ ಬಂದಿದ್ದ ದಾಖಲೆಯಿದೆ. ಸತ್ತ ಕರುಗಳ ತೊಗಲು ಪುಸ್ತಕವಾಗಿರಬಹುದು ಅನ್ನುವುದು ಸಂಶೋಧಕರ ಊಹೆ. ದನದ ಜೊತೆಗೆ ಮನುಷ್ಯರ ಡಿಎನ್ಎ, ಚರ್ಮದ ಮೇಲೆ ಮೂಗಿನೊಳಗೆ ಬದುಕುವ ಬ್ಯಾಕ್ಟೀರಿಯಾಗಳ ಡಿಎನ್ಎ ಕೂಡ ಸಿಕ್ಕಿತು. ಈ ಪುಸ್ತಕದಲ್ಲಿ ಪಾದ್ರಿಗಳು ಅಧಿಕಾರ ವಹಿಸಿಕೊಳ್ಳುವಾಗ ಓದುವ ಪ್ರಮಾಣವಚನದ ಪುಟಗಳಿವೆ. ಇಂಥ ಗುರುತು ಎದ್ದು ಕಂಡದ್ದು ಆ ಪುಟಗಳಲ್ಲೇ. ವಿಶೇಷ ಸಮಾರಂಭಗಳಲ್ಲಿ ಅದನ್ನು ಈಗಲೂ ಹೊರತೆಗೆಯುತ್ತಾರೆ. ಹಾಗಾಗಿ ಆ ಪುಟಗಳ ಮೇಲಿನ ಗುರುತುಗಳಿಗೆ ಹೊಸಬರದ್ದೂ ಸೇರುತ್ತಲೇ ಇದೆ.