ಯುದ್ಧ ಮುಗಿದ ಮ್ಯಾಲೆ ಊರು ಕಟ್ಟೋ ಅಧಿಕಾರ ಯಾರದು? ಸರಾಯೇವೊದ ಕಥಿ

2025ರ ಶುರುವಿಗೆ ಧಾರವಾಡಕ್ಕ ಬ್ಯಾರೆ ಪಾಲಿಕೆ ಅಂತ ಸರ್ಕಾರ ಒಪ್ಪಿದಾಗ, 1962ರಿಂದ ಒಂದ ಪಾಲಿಕೆಯೊಳಗಿದ್ದ ಹುಬ್ಬಳ್ಳಿ, ಧಾರವಾಡ ಎರಡೂ ಊರಾಗ ಮಾತು ಶುರು ಆತು, ಆಸ್ತಿ ಯಾರಿಗೆ, ಸಾಲ ಯಾರ ತಲಿಮ್ಯಾಲೆ, ಯಾವ ಕೆಲಸ ಯಾರ ಕೈಯಾಗ ಅಂತ. ಶೆಲ್ ಬಿದ್ದು ಹಾಳಾದ ಊರಾಗ ಇದ ಪ್ರಶ್ನೆ ಎದ್ರ ಏನ್ ಆಕ್ಕೈತಿ ಅನ್ನೋದಕ್ಕ ಬೋಸ್ನಿಯಾದ ಸರಾಯೇವೊ ನೋಡ್ರಿ.

ಯುದ್ಧಕ್ಕ ಮೊದ್ಲ ಅಲ್ಲಿ ಒಂದು ಸಿಟಿ, ಅದರ ಕೆಳಗ 10 ಮುನ್ಸಿಪಾಲ್ಟಿ. 1992ರ ಏಪ್ರಿಲ್‌ನ್ಯಾಗ ಬಿದ್ದ ಮುತ್ತಿಗಿ ಅಧಿಕೃತವಾಗಿ ಮುಗಿದದ್ದು 1996ರ ಫೆಬ್ರವರಿ 29ಕ್ಕ. ಕರೆಂಟಿಲ್ಲ, ನಳಕ್ಕ ನೀರಿಲ್ಲ, ಮಂದಿ ಬಿಯರ್ ಫ್ಯಾಕ್ಟರಿ ಮುಂದ ಕ್ಯಾನ್ ಹಿಡಕೊಂಡು ಪಾಳಿ ಹಚ್ಚತಿದ್ರು, ಆ ಪಾಳಿ ಮ್ಯಾಲೂ ಶೆಲ್ ಬಿದ್ವು. ಬೋಸ್ನಿಯಾ ಯುದ್ಧ ನಿಲ್ಲಿಸಿದ 1995ರ ಡೇಟನ್ ಶಾಂತಿ ಒಪ್ಪಂದ ಆದಮ್ಯಾಲೆ ಸಿಟಿ ಅಂತ ಉಳಿದದ್ದು ಬರೇ 4 ಮುನ್ಸಿಪಾಲ್ಟಿ. ನೀರು, ಟ್ರಾಮ್ ಎಲ್ಲಾ ಮ್ಯಾಲಿನ ಕ್ಯಾಂಟನ್, ಅಂದ್ರ ಪ್ರಾಂತ್ಯದಂಥ ಸರ್ಕಾರದ ಕೈಗೆ ಹೋತು. ಮೇಯರ್ ಅದಾರ, ಪೈಪ್ ಅವರದಲ್ಲ. ಯುದ್ಧ ಮುಗಿದು ಎಷ್ಟೋ ವರ್ಷ ಆದರೂ ಅರ್ಧಕ್ಕಿಂತ ಹೆಚ್ಚು ನೀರು ಹಳೇ ಪೈಪಿನ್ಯಾಗ ಸೋರಿ ಹೋಗತಿತ್ತು, ರಾತ್ರಿ ನೀರು ಬಂದ್ ಮಾಡತಿದ್ರು.

ನನ್ನ ಪ್ರಕಾರ ಖರೇ ಗುದ್ದಾಟ ನಡೆದದ್ದು ಮನಿ ವಿಷಯದಾಗ. ಅಲ್ಲಿ ಫ್ಲಾಟ್‌ಗಳು ಬಹಳಷ್ಟು ಸಾರ್ವಜನಿಕ ಒಡೆತನದವು, ಇದ್ದವರಿಗೆ ವಾಸದ ಹಕ್ಕು ಅಷ್ಟ. ಓಡಿಹೋದವರ ಫ್ಲಾಟ್ 'ಬಿಟ್ಟುಹೋದದ್ದು' ಅಂತ ಬರದು ಬ್ಯಾರೆಯವರಿಗೆ ಕೊಟ್ರು, ಯುದ್ಧ ನಿಂತ ಮ್ಯಾಲೆ ಕಾನೂನು ಏನಂತು ಅಂದ್ರ ದೇಶದಾಗ ಇದ್ದವರು 7 ದಿನದಾಗ, ಹೊರದೇಶದಾಗ ಇದ್ದವರು 15 ದಿನದಾಗ ವಾಪಸ್ ಬರಬೇಕು, ಇಲ್ಲಾಂದ್ರ ಹಕ್ಕು ಹೋತು. ಮುತ್ತಿಗಿ ಮುಗೀತು ಅಂತ ಘೋಷಣೆ ಆಗೋದ್ರಾಗ ಗಡುವ ಮುಗಿದುಹೋಗಿತ್ತು! ಜರ್ಮನಿಯಾಗ ನಿರಾಶ್ರಿತ ಆಗಿ ಕುಂತಾಂವ ಹೆಂಗ್ ಬರ್ತಾನ?

1998ರಾಗ ಆ ಕಾನೂನು ರದ್ದಾತು, ಫ್ಲಾಟ್ ವಾಪಸ್ ಕೇಳೋ ಅರ್ಜಿ ತಗೊಳ್ಳೋ ಕೆಲಸ ಲೋಕಲ್ ವಸತಿ ಆಫೀಸ್‌ಗಳಿಗೆ ಬಂತು. ಅಲ್ಲಿ ಫೈಲ್ ಮುಂದ ಸರೀಲಿಲ್ಲ, ಯಾಕಂದ್ರ ಆ ಫ್ಲಾಟಿನ್ಯಾಗ ಈಗ ಕುಂತವರೂ ಮನಿ ಕಳಕೊಂಡು ಬಂದವರ, ಕೆಲವು ಕಡೆ ಅಧಿಕಾರಿಗಳ ಮಂದಿನೂ ಇದ್ರು. 1999ರ ನವೆಂಬರ್‌ನ್ಯಾಗ ಹೈ ರೆಪ್ರೆಸೆಂಟೇಟಿವ್, ಅಂದ್ರ ಶಾಂತಿ ಒಪ್ಪಂದದ ಜಾರಿ ನೋಡಿಕೊಳ್ಳೋ ಅಂತರರಾಷ್ಟ್ರೀಯ ಅಧಿಕಾರಿ, ದೇಶದ ತುಂಬ 22 ಅಧಿಕಾರಿಗಳನ್ನ ಒಂದ ಏಟಿಗೆ ಮನಿಗೆ ಕಳಸಿದ್ರು. ಆಮ್ಯಾಲೆ ವೇಗ ಬಂತು, 2003 ಮುಗಿಯೋದ್ರಾಗ ದೇಶದ ಸುಮಾರು 2 ಲಕ್ಷ ಅರ್ಜಿ ಪೈಕಿ ಹೆಚ್ಚಿನವು ಇತ್ಯರ್ಥ ಆದ್ವು.

ಸಿಟಿ ತನ್ನ ಹೆಸರಿನ್ಯಾಗ ಮಾಡಿದ ಕೆಲಸಾನೂ ಅದಾವು, ಹೊರಗಿನ ರೊಕ್ಕ ಸೇರಿಸಿ. 1992ರ ಆಗಸ್ಟ್‌ನ್ಯಾಗ ಲಕ್ಷಗಟ್ಟಲೆ ಪುಸ್ತಕದ ಸಮೇತ ಸುಟ್ಟ ವಿಯೆಚ್ನಿತ್ಸಾ, ಅಂದ್ರ ಹಳೇ ಸಿಟಿ ಹಾಲ್, 2014ರಾಗ ತೆರೀತು. ಟ್ರೆಬೆವಿಚ್ ಗುಡ್ಡದ ಕೇಬಲ್ ಕಾರ್ 2018ರ ಏಪ್ರಿಲ್‌ನ್ಯಾಗ ಮತ್ತ ಶುರು ಆತು. ಫೋಟೋಕ್ಕ ಇವ ಚಂದ ಕಾಣ್ತಾವ, ಭೂಮಿ ಒಳಗಿನ ಪೈಪ್ ಯಾರೂ ರಿಬ್ಬನ್ ಕತ್ತರಿಸಿ ಉದ್ಘಾಟನೆ ಮಾಡಂಗಿಲ್ಲ ನೋಡ್ರಿ.