ಒಂದೇ ನಗರ, ಎರಡು ಸ್ಕೂಲ್ ಡಿಸ್ಟ್ರಿಕ್ಟ್: ಅಮೆರಿಕದ ಶಾಲಾ ದುಡ್ಡಿನ ಹಳೇ ಜಗಳ

ಅಮೆರಿಕದ ಚಿಕ್ಕ ಸ್ಕೂಲ್ ಡಿಸ್ಟ್ರಿಕ್ಟ್ ಒಂದರಲ್ಲಿ ಮಕ್ಕಳ ಅಂಕ ಕುಸಿದರೆ ಸಾಕು, ಎರಡು ಮಾತು ಕೇಳಿಬರುತ್ತವೆ. ದುಡ್ಡು ಸಾಲುತ್ತಿಲ್ಲ ಅಂತ ಕೆಲವರು. ಎಷ್ಟು ಸುರಿದರೂ ಅಷ್ಟೇ ಅಂತ ಇನ್ನು ಕೆಲವರು. ಇದರ ಬೇರು ಹುಡುಕಿದರೆ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರಕ್ಕೆ ಹೋಗಬೇಕು.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಅಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಸಂಸ್ಥೆ. ಅದಕ್ಕೆ ತನ್ನದೇ ಗಡಿ, ತನ್ನದೇ ಮಂಡಳಿ, ಟೆಕ್ಸಾಸ್‌ನಂಥ ಕಡೆ ತನ್ನದೇ ಆಸ್ತಿ ತೆರಿಗೆ. 1940ರ ಹೊತ್ತಿಗೆ ದೇಶದಲ್ಲಿ ಇಂಥವು ಒಂದು ಲಕ್ಷಕ್ಕೂ ಹೆಚ್ಚಿದ್ದವು. ಒಂದರೊಳಗೊಂದು ಸೇರುತ್ತಾ ಈಗ ಸುಮಾರು 13,000 ಉಳಿದಿವೆ. ಶಾಲೆಗಳ ಖರ್ಚಿನಲ್ಲಿ ಕೇಂದ್ರದ ಪಾಲು ಹತ್ತರಲ್ಲಿ ಒಂದರಷ್ಟು. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ತೆರಿಗೆಯಿಂದ ಬರಬೇಕು. ಗಡಿಯೊಳಗೆ ದುಬಾರಿ ಮನೆ, ಕಾರ್ಖಾನೆ ಇದ್ದರೆ ಶಾಲೆಗೆ ದುಡ್ಡು ಬರುತ್ತದೆ.

ಸ್ಯಾನ್ ಆಂಟೋನಿಯೊದ ಪಶ್ಚಿಮಕ್ಕೆ ಎಡ್ಜ್‌ವುಡ್ ಡಿಸ್ಟ್ರಿಕ್ಟ್ ಇದೆ. ಅಲ್ಲಿನ ಹೆಚ್ಚಿನವರು ಮೆಕ್ಸಿಕನ್ ಮೂಲದ ಬಡ ಕೆಲಸಗಾರರು. 1968ರ ಮೇ ತಿಂಗಳಲ್ಲಿ ಅಲ್ಲಿನ ಹೈಸ್ಕೂಲಿನ ನೂರಾರು ಮಕ್ಕಳು ತರಗತಿ ಬಿಟ್ಟು ಹೊರಗೆ ಬಂದರು. ಕಟ್ಟಡ ಹಾಳಾಗಿದೆ, ಅರ್ಹ ಶಿಕ್ಷಕರಿಲ್ಲ ಎಂಬುದು ಅವರ ದೂರು. ಅದೇ ವರ್ಷ ಡೆಮೆಟ್ರಿಯೊ ರೊಡ್ರಿಗಸ್ ಮತ್ತು ಇನ್ನೂ ಕೆಲವು ಪೋಷಕರು ಕೋರ್ಟಿಗೆ ಹೋದರು. ರೊಡ್ರಿಗಸ್ ಹತ್ತಿರದ ವಾಯುಪಡೆ ನೆಲೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದವರು.

ಕೋರ್ಟಿನ ಮುಂದೆ ಬಂದ ಲೆಕ್ಕವನ್ನು ನಿಧಾನವಾಗಿ ಓದಬೇಕು. ಎಡ್ಜ್‌ವುಡ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಲೆಕ್ಕ ಹಾಕಿದರೆ 5,960 ಡಾಲರ್ ಮೌಲ್ಯದ ಆಸ್ತಿ ಇತ್ತು. ಅದೇ ನಗರದ ಶ್ರೀಮಂತ ಡಿಸ್ಟ್ರಿಕ್ಟ್ ಆದ ಅಲಾಮೊ ಹೈಟ್ಸ್‌ನಲ್ಲಿ ಅದು 49,000 ಡಾಲರಿಗೂ ಜಾಸ್ತಿ. ಎಡ್ಜ್‌ವುಡ್‌ನವರು ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು, ಅಲಾಮೊ ಹೈಟ್ಸ್‌ನವರು 85 ಸೆಂಟ್. ಹೆಚ್ಚು ದರದಲ್ಲಿ ಕಟ್ಟಿದವರ ಶಾಲೆಗೆ ಸ್ಥಳೀಯವಾಗಿ ಮಗುವಿಗೆ 26 ಡಾಲರ್ ಸಿಕ್ಕಿತು, ಕಡಿಮೆ ದರದಲ್ಲಿ ಕಟ್ಟಿದವರ ಶಾಲೆಗೆ 333 ಡಾಲರ್. ರಾಜ್ಯ, ಕೇಂದ್ರದ ದುಡ್ಡು ಸೇರಿಸಿದ ಮೇಲೂ 356 ಮತ್ತು 594. ಈ ಪೋಷಕರಿಗೆ ಮಕ್ಕಳ ಓದಿನ ಮೇಲೆ ಕಾಳಜಿ ಇಲ್ಲ ಅಂತ ಯಾರಾದರೂ ಹೇಳೋಕಾಗುತ್ತಾ?

1971ರಲ್ಲಿ ಕೆಳಗಿನ ಫೆಡರಲ್ ಕೋರ್ಟ್ ಪೋಷಕರ ಪರ ತೀರ್ಪು ಕೊಟ್ಟಿತು. 1973ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ಅದನ್ನು ತಳ್ಳಿಹಾಕಿತು. ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು. ವ್ಯವಸ್ಥೆಯಲ್ಲಿ ಸುಧಾರಣೆ ಬೇಕೆಂಬುದನ್ನು ಆ ತೀರ್ಪೇ ಒಪ್ಪಿದೆ, ಅದನ್ನು ಶಾಸನಸಭೆಗೆ ಬಿಟ್ಟಿದೆ. ಅಲ್ಲಿಂದ ಈ ಹೋರಾಟ ರಾಜ್ಯಗಳ ಕೋರ್ಟುಗಳಿಗೆ ಹೊರಳಿತು. 1989ರಲ್ಲಿ ಟೆಕ್ಸಾಸ್‌ನ ಸುಪ್ರೀಂ ಕೋರ್ಟ್ ಒಮ್ಮತದಿಂದ ಎಡ್ಜ್‌ವುಡ್ ಪರ ನಿಂತಿತು. ಮೊಕದ್ದಮೆ ಶುರುವಾದಾಗ ಶಾಲೆಯಲ್ಲಿದ್ದ ಮಕ್ಕಳು ಅಷ್ಟೊತ್ತಿಗೆ ತಾವೇ ಪೋಷಕರಾಗುವ ವಯಸ್ಸಿಗೆ ಬಂದಿದ್ದರು. 1993ರಲ್ಲಿ ಬಂದ ಕಾನೂನು, ಆಸ್ತಿ ಹೆಚ್ಚಿರುವ ಡಿಸ್ಟ್ರಿಕ್ಟ್‌ಗಳಿಂದ ಒಂದು ಪಾಲು ತೆಗೆದು ಬಡ ಡಿಸ್ಟ್ರಿಕ್ಟ್‌ಗಳಿಗೆ ಕೊಡುವ ದಾರಿ ಮಾಡಿತು. ಜನ ಅದಕ್ಕೆ ‘ರಾಬಿನ್ ಹುಡ್’ ಅಂತ ಹೆಸರಿಟ್ಟರು.

ಇನ್ನು ಅಂಕಗಳ ಕಥೆ. ಅಮೆರಿಕ ಸರ್ಕಾರ ಮಾಡಿಸಿದ 1966ರ ಕೋಲ್ಮನ್ ವರದಿ ಶಾಲೆಯ ಸೌಲಭ್ಯಕ್ಕಿಂತ ಮನೆಯ ಸ್ಥಿತಿಯೇ ಓದಿನ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ ಎಂದಿತ್ತು. ‘ದುಡ್ಡಿನಿಂದ ಏನೂ ಆಗಲ್ಲ’ ಎನ್ನುವವರಿಗೆ ಅದು ದಶಕಗಳ ಕಾಲ ಆಸರೆಯಾಯಿತು. 2002ರಲ್ಲಿ ಜಾರಿಗೆ ಬಂದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನು 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಪರೀಕ್ಷೆ ಕಡ್ಡಾಯ ಮಾಡಿತು. ಅಂಕ ಎಲ್ಲರಿಗೂ ಕಾಣುವಂತಾಯಿತು. ಅದರ ಹಿಂದಿನ ತೆರಿಗೆ ಲೆಕ್ಕ ಮಾತ್ರ ಕಣ್ಣಿಗೆ ಬೀಳಲಿಲ್ಲ. 2016ರಲ್ಲಿ ಮೂವರು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಪ್ರಕಟವಾಯಿತು. ಕೋರ್ಟ್ ತೀರ್ಪುಗಳಿಂದ ಶಾಲಾ ಖರ್ಚು ಏರಿದ ಕಡೆ ಓದಿದ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಅಂತ ಅದು ನೋಡಿತು. 12 ವರ್ಷವೂ ಶೇ 10ರಷ್ಟು ಹೆಚ್ಚು ಖರ್ಚಾಗಿದ್ದರೆ ಸಂಬಳ ಸುಮಾರು ಶೇ 7 ಜಾಸ್ತಿ ಇತ್ತು. ಬಡ ಮನೆಯ ಮಕ್ಕಳಿಗೆ ಲಾಭ ಇನ್ನೂ ಹೆಚ್ಚು. ನನ್ನ ಪ್ರಕಾರ ಇಲ್ಲಿ ಮುಖ್ಯ ಸಂಗತಿ ಆ 12 ವರ್ಷ. ಒಂದು ವರ್ಷ ಕೊಟ್ಟು ಮರುವರ್ಷ ಅಂಕ ಏಕೆ ಏರಿಲ್ಲ ಅಂತ ಕೇಳುವುದು ಅನ್ಯಾಯ.

ಚಿಕ್ಕ ಡಿಸ್ಟ್ರಿಕ್ಟ್‌ಗೆ ಮಕ್ಕಳು ಕಡಿಮೆಯಾಗುವುದೇ ಇನ್ನೊಂದು ಪೆಟ್ಟು. 60ರ ದಶಕದ ಕೊನೆಗೆ ಎಡ್ಜ್‌ವುಡ್‌ನಲ್ಲಿ ಸುಮಾರು 22,000 ವಿದ್ಯಾರ್ಥಿಗಳಿದ್ದರು. ಈಗ 10,000 ಕೂಡ ಇಲ್ಲ. ತರಗತಿಗೆ ಇಬ್ಬರಂತೆ ಮಕ್ಕಳು ಬಿಟ್ಟುಹೋದರೆ ಅನುದಾನ ಇಳಿಯುತ್ತದೆ, ಆದರೆ ಟೀಚರ್, ಬಸ್ಸು, ಕಟ್ಟಡದ ರಿಪೇರಿ ಯಾವುದೂ ಕಡಿಮೆ ಮಾಡೋಕಾಗಲ್ಲ. ಅದರ ಮೇಲೆ ಟೆಕ್ಸಾಸ್ ದುಡ್ಡು ಕೊಡುವುದು ದಿನದ ಸರಾಸರಿ ಹಾಜರಾತಿ ನೋಡಿ. ಕಾಯಿಲೆ, ಮನೆ ಬದಲಾವಣೆ ಅಂತ ಬಡ ಮಕ್ಕಳು ಶಾಲೆ ತಪ್ಪಿಸುವುದೇ ಜಾಸ್ತಿ ಅಲ್ವಾ? ಆ ದಿನಗಳ ದುಡ್ಡೂ ಹೋಗುತ್ತದೆ.

ಕೋವಿಡ್ ಕಾಲದಲ್ಲಿ ಕೇಂದ್ರ ಶಾಲೆಗಳಿಗೆ ಕೊಟ್ಟ ಸುಮಾರು 190 ಬಿಲಿಯನ್ ಡಾಲರ್ ನೆರವಿನ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಟೆಕ್ಸಾಸ್‌ನಲ್ಲಿ ಪ್ರತಿ ವಿದ್ಯಾರ್ಥಿಯ ಮೂಲ ಅನುದಾನ 2019ರಿಂದ 6,160 ಡಾಲರ್‌ನಲ್ಲೇ ನಿಂತಿತ್ತು. 2025ರಲ್ಲಿ ಶಾಸನಸಭೆ ಶಿಕ್ಷಕರ ಸಂಬಳಕ್ಕೆ ಬೇರೆಯಾಗಿ ಹಣ ಇಟ್ಟು, ಈ ಮೂಲ ಅನುದಾನಕ್ಕೆ 55 ಡಾಲರ್ ಸೇರಿಸಿತು.