ಒಟ್ಟು ಕುಟುಂಬದ ಆಸ್ತಿ ಎಂದರೆ ಯಾವುದು?

ಸಕಲೇಶಪುರ, ಮೂಡಿಗೆರೆ ಕಡೆ ಪಾಲಿನ ಮಾತು ಎದ್ದಾಗ ಊರಲ್ಲೇ ಉಳಿದು ತೋಟ ನೋಡಿಕೊಂಡ ದೊಡ್ಡಣ್ಣ ಸಾಮಾನ್ಯವಾಗಿ ಹೇಳುವುದು ಇದು: "ಹಳೇ ತೋಟದಲ್ಲಿ ಪಾಲು ತಗೊಳ್ಳಿ. ಕೆಳಗಿನ ಎರಡೆಕರೆ ನಾನು ತಗೊಂಡಿದ್ದು, ಪಹಣಿ ನನ್ನ ಹೆಸರಲ್ಲೇ ಇದೆ."

ಹಿರಿಯರಿಂದ ಬಂದದ್ದು ಪಿತ್ರಾರ್ಜಿತ, ಸ್ವಂತ ದುಡಿಮೆಯದು ಸ್ವಯಾರ್ಜಿತ. ಇಷ್ಟು ಎಲ್ಲರಿಗೂ ಗೊತ್ತು. ಜಗಳ ಹುಟ್ಟುವುದು ಇವೆರಡರ ನಡುವೆ. ಒಟ್ಟಿಗಿದ್ದಾಗ, ಒಟ್ಟಿನ ಆಸ್ತಿಯ ಆದಾಯದಿಂದ ಕೊಂಡ ಜಮೀನು ಕ್ರಯಪತ್ರದಲ್ಲಿ ಯಾರ ಹೆಸರಲ್ಲಿದ್ದರೂ ಒಟ್ಟು ಕುಟುಂಬದ್ದೇ. ದುಡ್ಡು ಎಲ್ಲಿಂದ ಬಂತು ಅನ್ನುವುದೇ ಇಲ್ಲಿ ಮುಖ್ಯ.

ಹಾಗಂತ "ಒಂದೇ ಮನೇಲಿದ್ವಿ" ಅಂದರೆ ಸಾಲದು. ಒಟ್ಟಿನ ಆಸ್ತಿ ಇತ್ತು, ಖರ್ಚು ಕಳೆದು ಆ ಎರಡೆಕರೆ ಕೊಳ್ಳುವಷ್ಟು ಉಳಿಯುತ್ತಿತ್ತು ಅಂತ ಪಾಲು ಕೇಳುವವರು ಮೊದಲು ತೋರಿಸಬೇಕು. ಆಮೇಲೆ ರುಜುವಾತಿನ ಹೊರೆ ಅಣ್ಣನ ಮೇಲೆ. ಮೇಷ್ಟ್ರ ಕೆಲಸದ ಸಂಬಳವೋ, ಅಂಗಡಿ ವ್ಯಾಪಾರವೋ, ತನ್ನ ದುಡ್ಡಿನ ಮೂಲವನ್ನು ಅವನು ತೋರಿಸಬೇಕು.

ಪಹಣಿಯ 9ನೇ ಕಲಂನಲ್ಲಿ ಹೆಸರಿರುತ್ತದೆ. ಅಪ್ಪ ತೀರಿಕೊಂಡ ಮೇಲೆ ಮನೆ ಯಜಮಾನ ಅಂತ ದೊಡ್ಡ ಮಗನ ಹೆಸರಿಗೇ ಖಾತೆ ಮಾಡಿಸುವುದು ನಮ್ಮ ಕಡೆ ಹಳೇ ರೂಢಿ. ಅಷ್ಟಕ್ಕೇ ಅವನೊಬ್ಬನೇ ಮಾಲೀಕನಾಗುವುದಿಲ್ಲ. ಹಳೇ ಕಾಗದ ಎಸೆಯಬೇಡಿ. 1980ರ ದಶಕದಲ್ಲಿ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು, ದುಡ್ಡು ಕಂತುಗಳಲ್ಲಿ ಬರುತ್ತಿತ್ತು. ಆ ಚೀಟಿಗಳು ಟ್ರಂಕಿನಲ್ಲಿದ್ದರೆ ಆಗ ತೋಟದಿಂದ ಎಷ್ಟು ಬರುತ್ತಿತ್ತು ಅಂತ ತೋರಿಸಲು ಅವೇ ಸಾಕ್ಷಿ.

ಇನ್ನೊಂದು ಗೊಂದಲ. ಅಪ್ಪ ಸ್ವಂತ ಸಂಪಾದಿಸಿದ್ದು, ವಿಲ್ ಇಲ್ಲದೆ ತೀರಿಕೊಂಡರು ಅನ್ನಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ಬದುಕಿದ್ದರೆ ಅಪ್ಪನ ತಾಯಿ, ಎಲ್ಲರಿಗೂ ಸಮಪಾಲು. ಹಾಗೆ ಮಗನಿಗೆ ಬಂದ ಪಾಲು ಅವನ ಸ್ವಂತದ್ದು. ಅವನು ಬದುಕಿರುವಾಗ ಅವನ ಮಕ್ಕಳು ಅದರಲ್ಲಿ ಪಾಲು ಕೇಳುವಂತಿಲ್ಲ.

ನನಗೆ ತುಂಬಾ ಬೇಸರ ತರಿಸುವುದು ಹೆಣ್ಣುಮಕ್ಕಳ ವಿಷಯ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೈಗಿಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಇನ್ನೂ ನಡೆಯುತ್ತಲೇ ಇದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಕರ್ನಾಟಕ 1994ರಲ್ಲೇ ಅಲ್ಲಿಯವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಇದನ್ನು ಕೊಟ್ಟಿತ್ತು. 1956ರ ಕಾಯ್ದೆಗೆ ಬಂದ 2005ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪತ್ರದ ಮೂಲಕವೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ, 2005ರ ತಿದ್ದುಪಡಿ ಹಿಡಿದು ಅದನ್ನು ಕೆದಕುವಂತಿಲ್ಲ. ಸಹಿ ಕೇಳಿದವರು ಅಣ್ಣನೇ ಆಗಿರಲಿ, ಮೊದಲು ಪತ್ರ ಪೂರ್ತಿ ಓದಿ.

ದೊಡ್ಡಣ್ಣನ ಬೆವರೂ ಸುಳ್ಳಲ್ಲ, ಅಲ್ವಾ? ತೋಟ ನೋಡಿಕೊಂಡ ಅಂತ ಕಾನೂನು ಅವನಿಗೆ ಜಾಸ್ತಿ ಪಾಲು ಕೊಡುವುದಿಲ್ಲ. ಆದರೆ ಪಾಲಿನ ದಾವೆ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲ ಡಿಕ್ರಿಯಲ್ಲಿ ಯಾರಿಗೆ ಎಷ್ಟು ಅಂತ ತೀರ್ಮಾನವಾಗುತ್ತದೆ. ಯಾವ ತಾಕು ಯಾರಿಗೆ ಅನ್ನುವುದು ಆಮೇಲೆ. ಸರ್ಕಾರಕ್ಕೆ ಕಂದಾಯ ಕಟ್ಟುವ ಜಮೀನಾದರೆ ಅಳೆದು ಹಂಚುವ ಕೆಲಸ ಕಂದಾಯ ಇಲಾಖೆಗೆ ಹೋಗುತ್ತದೆ. ತಾನು ಗಿಡ ನೆಟ್ಟು ಬೆಳೆಸಿದ ತಾಕನ್ನು ತನ್ನ ಪಾಲಿನ ಲೆಕ್ಕಕ್ಕೇ ಹಾಕಿ ಅಂತ ದೊಡ್ಡಣ್ಣ ಆಗ ಕೇಳಿಕೊಳ್ಳಬಹುದು.